ಒಂದು ಚೊರೀಸು, ಎರಡು ಫೀಸು

ಕಿತೇರಿಯಾ ಫುರ್ತಾದ್ ಚೌಕಾಸಿಯಲ್ಲಿ ಸೋತದ್ದನ್ನು ಚಿಂಚಿಣೆಯಲ್ಲಿ ಯಾರೂ ಕಂಡಿರಲಿಲ್ಲ. ಹಂದಿ ಸಾಕುವವರು ಅವಳಿಗೆಂದೇ ಕಿಲೋಗೆ ಇಪ್ಪತ್ತು ರೂಪಾಯಿ ಏರಿಸಿ ಬೆಲೆ ಹೇಳುತ್ತಿದ್ದರು. ಅವಳು ಇಪ್ಪತ್ತೈದು ಇಳಿಸುತ್ತಿದ್ದಳು. ಸೇಂದಿಯ ವಿನೆಗರ್ ತರುವ ಮುದುಕ ಊರೆಲ್ಲ ಸುತ್ತಿ ಕೊನೆಗೆ ಅವಳ ಮನೆಗೆ ಬರುತ್ತಿದ್ದ. ಮೊದಲೇ ಬಂದರೆ ಉಳಿದ ಮನೆಗಳ ಮುಂದೆ ಕೂಗಲು ಗಂಟಲು ಉಳಿಯುವುದಿಲ್ಲ ಎಂಬುದು ಅವನ ಅನುಭವ. ಪಾದ್ರಿಗಳು ಅವಳ ಮಾವನ ವರ್ಷದ ಪೂಜೆಗೆ ಒಂದು ಮೊತ್ತ ಹೇಳಿ, ಅರ್ಧ ಗಂಟೆಯ ನಂತರ ಅದರ ಮುಕ್ಕಾಲಿಗೆ ಒಪ್ಪಿ, ಮೇಲೆ ಎರಡು ಮೇಣದಬತ್ತಿಯನ್ನೂ ಕೊಟ್ಟು ಕಳಿಸಿದ್ದರು.

ಅವಳ ಕಸುಬು ಚೊರೀಸು ಕಟ್ಟುವುದು. ಹಂದಿಮಾಂಸವನ್ನು ಸಣ್ಣಗೆ ಹೆಚ್ಚಿ, ಉಪ್ಪು ಹಚ್ಚಿ ಕಲ್ಲಿನ ಭಾರಕ್ಕಿಟ್ಟು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿಗಳನ್ನು ವಿನೆಗರಿನಲ್ಲಿ ರುಬ್ಬಿ ಕಲಸಿ, ಎರಡು ದಿನ ಬಿಟ್ಟು ಕರುಳಿಗೆ ತುಂಬಿ, ದಾರದಿಂದ ಮಣಿಮಣಿಯಾಗಿ ಕಟ್ಟಿ ಬಿಸಿಲಿಗೂ ಹೊಗೆಗೂ ಒಡ್ಡಬೇಕು. ಬೇಸಿಗೆಯಲ್ಲಿ ಕಟ್ಟಿದ್ದನ್ನು ಮಳೆಗಾಲದಲ್ಲಿ, ಮೀನು ಸಿಗದ ದಿನಗಳಲ್ಲಿ ಮಾರಬೇಕು. ಇಷ್ಟನ್ನೂ ಅವಳು ಇಬ್ಬರು ಹೆಂಗಸರನ್ನು ಕೂಲಿಗೆ ಇಟ್ಟುಕೊಂಡು ಇಪ್ಪತ್ತಾರು ವರ್ಷದಿಂದ ಮಾಡುತ್ತಿದ್ದಳು. ಅವಳ ಸರಕಿನಲ್ಲಿ ಕೊಬ್ಬು ಕಡಿಮೆ, ಖಾರ ಹೆಚ್ಚು. ಅವಳ ಮಾತಿನಲ್ಲೂ ಹಾಗೆಯೇ ಎಂದು ಕೊಳ್ಳುವವರು ಹೇಳುತ್ತಿದ್ದರು, ಹೇಳಿಯೂ ಕೊಳ್ಳುತ್ತಿದ್ದರು.

ಗಂಡ ಸಾಂತಾನ್ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತನಾದವನು. ಮೂವತ್ತು ವರ್ಷ ಕಂಬ ಹತ್ತಿದ ಆ ಮನುಷ್ಯ ನಿವೃತ್ತಿಯ ಮರುದಿನದಿಂದ ಮನೆಯ ಬಲ್ಬು ಬದಲಿಸಲೂ ಸ್ಟೂಲು ಹತ್ತಲಿಲ್ಲ. ಊರಿನ ಫುಟ್‌ಬಾಲ್ ಸಂಘಕ್ಕೆ ಅವನು ಖಜಾಂಚಿ. ಆ ಖಜಾನೆಗೆ ಖಜಾಂಚಿಯದಲ್ಲದೆ ಬೇರೆ ಯಾರ ಹಣವೂ ಬಂದಂತೆ ಕಾಣುತ್ತಿರಲಿಲ್ಲ. ನಿವೃತ್ತಿಯಾದಾಗ ಕೈಗೆ ಬಂದ ಇಡಿಗಂಟು ಸಾಲ ತೀರಿಸಲು ಹೋಯಿತು ಎಂದು ಅವನು ಹೆಂಡತಿಗೆ ಹೇಳಿದ. ಯಾತರ ಸಾಲ ಎಂದು ಅವಳು ಕೇಳಿದ್ದಕ್ಕೆ ‘ಗಂಡಸರ ಸಾಲ’ ಎಂದ. ಅವಳು ಅದನ್ನು ಬೂಟು, ಜರ್ಸಿ, ಗೋಲಿನ ಬಲೆ ಎಂದು ಅರ್ಥಮಾಡಿಕೊಂಡಳು. ಒಂದು ವಾರ ಅವನಿಗೆ ಮೀನಿಲ್ಲದ ಊಟ ಬಡಿಸಿ ವಿಷಯ ಮುಗಿಸಿದಳು.

ಆದರೆ ಅಂದಿನಿಂದ ಮನೆಯಲ್ಲಿ ಒಂದು ನಿಯಮ ಬಂತು. ಚೊರೀಸಿನಿಂದ ಬರುವ ಲಾಭ ಎಷ್ಟೆಂದು ಸಾಂತಾನನಿಗೆ ಗೊತ್ತಾಗಬಾರದು. ಅವನು ಕೇಳಿದಾಗಲೆಲ್ಲ ಅವಳು ‘ಈ ವಾರ ಹಂದಿ ದುಬಾರಿ’ ಎನ್ನುತ್ತಿದ್ದಳು. ಮೂರು ವರ್ಷ ಪ್ರತಿ ವಾರವೂ ಹಂದಿ ದುಬಾರಿಯಾಗುತ್ತಲೇ ಹೋದದ್ದು ಅವನಿಗೆ ವಿಚಿತ್ರವಾಗಿ ಕಾಣಲಿಲ್ಲ. ಹಣವನ್ನು ಅವಳು ಊರಿನ ಬ್ಯಾಂಕಿಗೆ ಹಾಕುತ್ತಿರಲಿಲ್ಲ, ಅಲ್ಲಿನ ಗುಮಾಸ್ತ ಸಂಘದ ಗೋಲ್‌ಕೀಪರ್. ಮಡಗಾಂವಿನಲ್ಲಿ ಒಂದು ಉಳಿತಾಯ ಖಾತೆ ತೆರೆದಿದ್ದಳು. ಅದರ ಪುಸ್ತಕ ವಿನೆಗರ್ ಭರಣಿಗಳ ಹಿಂದೆ ಇರುತ್ತಿತ್ತು. ಮೆಣಸಿನ ಘಾಟಿಗೆ ಸೀನು ಬರುವ ಸಾಂತಾನ್ ಆ ಕೋಣೆಗೆ ಕಾಲಿಡುತ್ತಿರಲಿಲ್ಲ.

ಆ ಹಣ ಯಾತಕ್ಕೆ ಎಂದು ಯಾರಾದರೂ ಕೇಳಿದ್ದರೆ ಅವಳಲ್ಲಿ ಉತ್ತರವಿರಲಿಲ್ಲ. ಅವಳ ತಾಯಿ ಸಾಯುವವರೆಗೂ ಬಸ್ಸಿನ ದುಡ್ಡನ್ನು ಗಂಡನ ಕೈಯಿಂದ ಕೇಳಿ ಪಡೆದವಳು, ಇಳಿದ ಮೇಲೆ ಚಿಲ್ಲರೆ ಹಿಂದಿರುಗಿಸಿದವಳು. ಕಿತೇರಿಯಾ ಅದನ್ನು ನೋಡಿ ಬೆಳೆದಿದ್ದಳು. ತನ್ನ ಹೆಸರಿನ ಹಣ ತನ್ನ ಹೆಸರಿನಲ್ಲೇ ಇರಬೇಕು. ಅದರಿಂದ ಏನನ್ನಾದರೂ ಕೊಳ್ಳಬೇಕೆಂಬ ಅವಸರ ಅವಳಿಗೆ ಇರಲಿಲ್ಲ.

ತೆರಿಗೆಯ ತೊಂದರೆ ಶುರುವಾದದ್ದು ಆರ್ಮಿಂದಾಳಿಂದ. ಮಡಗಾಂವಿನಲ್ಲಿ ದೊಡ್ಡ ಅಂಗಡಿ ಇಟ್ಟಿರುವ ಆರ್ಮಿಂದಾ ಕಿತೇರಿಯಾಳ ಸರಕನ್ನೆಲ್ಲ ತಾನೇ ಕೊಳ್ಳುತ್ತೇನೆ, ಆದರೆ ಚೆಕ್ಕಿನಲ್ಲಿ ಮಾತ್ರ ಕೊಡುತ್ತೇನೆ ಎಂದಳು. ಚೆಕ್ಕು ಬಂದರೆ ಲೆಕ್ಕ ಬಂತು, ಲೆಕ್ಕ ಬಂದರೆ ತೆರಿಗೆ ಬಂತು. ಬಸ್ ನಿಲ್ದಾಣದ ಬಳಿಯ ಜೆರಾಕ್ಸ್ ಅಂಗಡಿಯವನೊಬ್ಬ ಮುನ್ನೂರು ರೂಪಾಯಿಗೆ ತೆರಿಗೆಯ ಕಾಗದ ತುಂಬಿ ಕಳಿಸುತ್ತಿದ್ದ. ಕಿತೇರಿಯಾ ಅವನನ್ನು ಇನ್ನೂರೈವತ್ತಕ್ಕೆ ಇಳಿಸಿ ಎರಡು ವರ್ಷ ಅವನ ಕೈಯಿಂದಲೇ ಮಾಡಿಸಿದಳು. ಎರಡು ವರ್ಷವೂ ಹದಿನೆಂಟು ಸಾವಿರ ಚಿಲ್ಲರೆ ತೆರಿಗೆ ಕಟ್ಟಿದಳು. ಆ ಮನುಷ್ಯ ಬೆಳಗಾವಿ ಕಡೆಯವನು. ಘಟ್ಟದ ಮೇಲೆ ನಡೆಯುವ ಲೆಕ್ಕ ಗೋವಾದ ಗಂಡಹೆಂಡಿರಿಗೆ ನಡೆಯುವುದಿಲ್ಲ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಮೂರನೆಯ ವರ್ಷ ಜುಲೈಯಲ್ಲಿ ಆರ್ಮಿಂದಾ ಈ ಹದಿನೆಂಟು ಸಾವಿರದ ಸುದ್ದಿ ಕೇಳಿ, ನೀನು ತೆರಿಗೆ ಲೆಕ್ಕದ ಧುಮೆಯವರ ಹತ್ತಿರ ಹೋಗು, ಅವರು ಬೇರೆ ರೀತಿ ಮಾಡುತ್ತಾರೆ ಎಂದಳು. ಫೀಸು ಎಷ್ಟು ಎಂದು ಕಿತೇರಿಯಾ ಕೇಳಿದಳು. ತಾನು ಹತ್ತು ಸಾವಿರ ಕೊಡುತ್ತೇನೆ ಎಂದು ಆರ್ಮಿಂದಾ ಗಲ್ಲ ಎತ್ತಿ ಹೇಳಿದಳು. ಅಂಗಡಿಯ ಎದುರಿನ ಗಡಿಯಾರ ರಿಪೇರಿಯವನು ಐನೂರು ಎಂದ. ಕಿತೇರಿಯಾಳ ಊರಿನ ಭಾಟ್‌ಕಾರ, ಅಂದರೆ ತೋಟಗಳ ಒಡೆಯ, ತಾನು ಏನೂ ಕೊಡುವುದಿಲ್ಲ, ಮೇ ತಿಂಗಳಲ್ಲಿ ಎರಡು ಬುಟ್ಟಿ ಮಾವಿನಹಣ್ಣು ಕಳಿಸುತ್ತೇನೆ ಎಂದ. ಅವನ ತೋಟದ ಮಾವು ಆ ವರ್ಷ ಬಿಟ್ಟಿರಲೇ ಇಲ್ಲ. ಕಿತೇರಿಯಾ ಬಸ್ಸಿನಲ್ಲಿ ಕುಳಿತು ಯೋಚಿಸಿದಳು. ದೊಡ್ಡವರಾಗಿ ಕಾಣಬೇಕಾದವರು ಏರಿಸಿ ಹೇಳಿದ್ದರು, ಜಾಣರಾಗಿ ಕಾಣಬೇಕಾದವರು ಇಳಿಸಿ ಹೇಳಿದ್ದರು. ನಿಜವಾದ ದರ ನಡುವೆ ಎಲ್ಲೋ ಇರಬೇಕು. ಎಂಟುನೂರರ ಮೇಲೆ ಒಂದು ಪೈಸೆಯೂ ಇಲ್ಲ ಎಂದು ತೀರ್ಮಾನಿಸಿ ಮಾರನೆಯ ದಿನ ಮಡಗಾಂವಿಗೆ ಹೊರಟಳು.

ಧುಮೆಯವರ ಕಚೇರಿ ಹಳೆಯ ಮಾರುಕಟ್ಟೆಯ ಮಹಡಿಯ ಮೇಲಿತ್ತು. ಅವರು ತೆಳ್ಳಗಿನ, ಅವಸರವಿಲ್ಲದ ಮನುಷ್ಯ. ಎದುರಿಗೆ ಕುಳಿತವರು ಮಾತು ಮುಗಿಸುವವರೆಗೆ ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ. ಕಿತೇರಿಯಾಳ ಬ್ಯಾಂಕ್ ಪುಸ್ತಕ, ಬಿಲ್ಲುಗಳು, ಹಿಂದಿನ ಎರಡು ವರ್ಷದ ಕಾಗದಗಳು ಎಲ್ಲವನ್ನೂ ನೋಡಿದರು. ಲಾಭ ಮೂರು ಲಕ್ಷ ಎಂಬತ್ತು ಸಾವಿರದ ಆಸುಪಾಸು ಎಂದು ಒಂದು ಚೀಟಿಯ ಮೇಲೆ ಬರೆದರು.

"ಒಬ್ಬರಿಗೆ ಒಂದೂವರೆ ಸಾವಿರ," ಎಂದರು. "ಇಬ್ಬರಿಗೆ ಮೂರು."

"ಇಬ್ಬರು ಯಾರು ಬಾಬ್? ನಾನೊಬ್ಬಳೇ ಬಂದಿರೋದು."

"ನೀವು, ನಿಮ್ಮ ಗಂಡ."

"ಅವನು ಚೊರೀಸು ತಿನ್ನೋದು ಬಿಟ್ಟು ಬೇರೇನೂ ಮಾಡಲ್ಲ. ತಿನ್ನೋದಕ್ಕೂ ತೆರಿಗೆ ಬಂತೇ?"

ಧುಮೆ ತಾಳ್ಮೆಯಿಂದ ವಿವರಿಸಿದರು. ಗೋವಾದಲ್ಲಿ ಮದುವೆಯಾದವರ ಗಳಿಕೆ ಇಬ್ಬರಿಗೂ ಅರ್ಧ ಅರ್ಧ. ಚೊರೀಸಿನ ಲಾಭದಲ್ಲಿ ಅರ್ಧ ಅವಳ ಹೆಸರಿನಲ್ಲಿ, ಅರ್ಧ ಸಾಂತಾನನ ಹೆಸರಿನಲ್ಲಿ ತೋರಿಸಬೇಕು. ಎರಡು ಲಕ್ಷದವರೆಗೆ ತೆರಿಗೆ ಇಲ್ಲದ ಕಾಲ ಅದು. ಹಾಗೆ ಭಾಗ ಮಾಡಿದರೆ ಅವಳಿಗೆ ತೆರಿಗೆಯೇ ಬರುವುದಿಲ್ಲ. ಪಿಂಚಣಿ ಸೇರಿ ಸಾಂತಾನನಿಗೆ ನಾಲ್ಕು ಸಾವಿರ ಬಂದೀತು, ಅಷ್ಟೆ. ಜೆರಾಕ್ಸಿನವನು ಎಲ್ಲವನ್ನೂ ಅವಳೊಬ್ಬಳ ಹೆಸರಿನಲ್ಲಿ ಹಾಕಿದ್ದೇ ತಪ್ಪು.

"ಯಾರ ಕಾಯ್ದೆ ಬಾಬ್ ಇದು?"

"ಪೋರ್ಚುಗೀಸರ ಕಾಲದ್ದು."

"ಆ ಬಿಳಿ ಪಕ್ಲೆ ಹೋಗಿ ಐವತ್ತು ವರ್ಷ ಆಯ್ತಲ್ಲ."

"ಪಕ್ಲೆ ಹೋದರು. ಮದುವೆ ನೋಂದಣಿಯಲ್ಲಿ ನೀವು ಹಾಕಿದ ಸಹಿ ಇಲ್ಲೇ ಇದೆ, ಕಿತೇರಿಯಾಬಾಯಿ."

ಕಿತೇರಿಯಾ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಹಾಗಾದರೆ ಸಾಂತಾನನ ಪಿಂಚಣಿಯಲ್ಲಿ ಅರ್ಧ ನನ್ನದಾಯಿತು ಎಂದಳು. ಇಲ್ಲ ಎಂದರು ಧುಮೆ. ಪಿಂಚಣಿ ಸಂಬಳದ ಜಾತಿಗೆ ಸೇರಿದ್ದು. ಸಂಬಳ ದುಡಿದವರದೇ, ಅದು ಭಾಗವಾಗುವುದಿಲ್ಲ.

"ಅವನದು ಪೂರ್ತಿ ಅವನದೇ. ನನ್ನದರಲ್ಲಿ ಅರ್ಧ ಅವನದು," ಎಂದಳು ಕಿತೇರಿಯಾ. "ಬಾಬ್, ಈ ಕಾಯ್ದೆ ಬರೆದವನಿಗೆ ಹೆಂಡತಿ ಇದ್ದಳೇ?"

"ಇದ್ದಿರಬೇಕು. ಚೊರೀಸು ಮಾಡ್ತಿರಲಿಲ್ಲ ಅಂತ ಕಾಣ್ತದೆ."

ಕೋಪ ಬಂದಾಗ ಚೌಕಾಸಿ ಅವಳಿಗೆ ಇನ್ನೂ ಚೆನ್ನಾಗಿ ಬರುತ್ತಿತ್ತು. ಒಂದೇ ಹಂದಿ, ಒಂದೇ ಒಲೆ, ಒಂದೇ ಬ್ಯಾಂಕ್ ಪುಸ್ತಕ; ಒಂದು ಚೊರೀಸಿಗೆ ಎರಡು ಫೀಸು ಎಲ್ಲಿಯ ನ್ಯಾಯ ಎಂದು ಕೇಳಿದಳು. ಒಂದು ಸಲ ಮಾಡಿದ ಲೆಕ್ಕವನ್ನು ಎರಡರಿಂದ ಭಾಗಿಸುವುದಕ್ಕೆ ಇನ್ನೊಂದು ಒಂದೂವರೆ ಸಾವಿರವೇ, ಎರಡರಿಂದ ಭಾಗಿಸುವುದನ್ನು ತಾನು ಮೂರನೆಯ ತರಗತಿಯಲ್ಲೇ ಕಲಿತಿದ್ದೇನೆ ಎಂದಳು. ಹಾಗಿದ್ದರೆ ಭಾಗಿಸಿಕೊಂಡು ಬನ್ನಿ, ಐವತ್ತು ರೂಪಾಯಿ ಬಿಡುತ್ತೇನೆ ಎಂದರು ಧುಮೆ. ಮುಕ್ಕಾಲು ಗಂಟೆ ಕಳೆಯಿತು. ಅವಳು ಎಂಟುನೂರರಿಂದ ಎರಡು ಸಾವಿರಕ್ಕೆ ಏರಿದ್ದಳು, ಅವರು ಮೂರು ಸಾವಿರದಿಂದ ಆ ಐವತ್ತು ರೂಪಾಯಿ ಮಾತ್ರ ಕೆಳಗೆ ಬಂದಿದ್ದರು. ಇಂಥ ಎದುರಾಳಿ ಅವಳಿಗೆ ಸಿಕ್ಕಿ ಬಹಳ ಕಾಲವಾಗಿತ್ತು. ಒಳಗೊಳಗೇ ಗೆಲುವಾಗತೊಡಗಿದ್ದಳು.

ಆಗ ಧುಮೆ, ಬರುವಾಗ ಗಂಡನನ್ನೂ ಕರೆದುಕೊಂಡು ಬನ್ನಿ, ಅವರೂ ಸಹಿ ಹಾಕಬೇಕು ಎಂದರು. ಅವರ ಕಾಗದದಲ್ಲಿ ನಿಮ್ಮ ಹೆಸರು, ನಿಮ್ಮ ಲಾಭ. ನಿಮ್ಮದರಲ್ಲಿ ಅವರ ಹೆಸರು, ಅವರ ಪಾಲು. ಎರಡೂ ಇಬ್ಬರಿಗೂ ಕೊಡುತ್ತೇನೆ.

ಕಿತೇರಿಯಾಳ ಗೆಲುವು ಆರಿಹೋಯಿತು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕುಳಿತಳು.

"ಬಾಬ್, ಐದು ಸಾವಿರ ಕೊಡ್ತೇನೆ."

"ಯಾತಕ್ಕೆ?"

"ಅವನಿಗೆ ಸಹಿ ಹಾಕೋ ಹಾಳೆ ಒಂದನ್ನೇ ತೋರಿಸಿ. ಮಿಕ್ಕಿದ್ದು ಬೇಡ."

"ಬಾಯಿ, ಮಾಡೋ ಕೆಲಸಕ್ಕೆ ನನ್ನ ಹತ್ತಿರ ದರ ಇದೆ. ಮಾಡದೆ ಇರೋದಕ್ಕೆ ದರ ಇಲ್ಲ," ಎಂದರು ಧುಮೆ. "ಕಾಗದ ಪೂರ್ತಿ ಕೊಡ್ತೇನೆ. ಓದೋದು ಬಿಡೋದು ಅವರ ಇಷ್ಟ."

ಮನೆಗೆ ಬಂದು ಅವಳು ಎರಡು ದಿನ ಯೋಚಿಸಿದಳು. ಜೆರಾಕ್ಸಿನವನ ಬಳಿಗೇ ಹಿಂದಿರುಗಬಹುದಿತ್ತು. ಅಲ್ಲಿ ಇನ್ನೂರೈವತ್ತು ಮತ್ತು ಹದಿನೆಂಟು ಸಾವಿರ; ಇಲ್ಲಿ ಮೂರು ಸಾವಿರ ಮತ್ತು ನಾಲ್ಕು. ನಡುವಿನ ಹನ್ನೊಂದು ಸಾವಿರದಷ್ಟನ್ನು ತನ್ನ ಗಂಡ ಒಂದು ಹಾಳೆ ಓದದೆ ಇರಲೆಂದು ವರ್ಷವರ್ಷವೂ ಸರ್ಕಾರಕ್ಕೆ ಕೊಡಬೇಕು. ಅದೂ ತಪ್ಪು ಕಾಗದ, ಒಂದು ದಿನ ನೋಟಿಸು ಬಂದೀತು; ಬಂದರೆ ಅದನ್ನು ಅಂಚೆಯವನ ಕೈಯಿಂದ ತೆಗೆದುಕೊಳ್ಳುವವನು ಸಾಂತಾನನೇ. ಅವನು ಬೆಳಗಿನಿಂದ ಸಂಜೆಯವರೆಗೆ ಮನೆಯ ಮುಂದಿನ ಜಗಲಿಯಾದ ಬಾಲ್ಕಾಂವ್‌ನ ಕಲ್ಲುಬೆಂಚಿನ ಮೇಲೆ ಕುಳಿತು ರಸ್ತೆ ಕಾಯುತ್ತಿದ್ದ. ಆದರೆ ಸಾಂತಾನ್ ತಾನು ಹಣ ಕೊಡಬೇಕಾದ ಬಿಲ್ಲುಗಳನ್ನು ಬಿಟ್ಟರೆ ಬೇರೆ ಯಾವ ಕಾಗದವನ್ನೂ ಓದಿದವನಲ್ಲ. ಎರಡು ಫೀಸನ್ನೂ, ಅವನ ತೆರಿಗೆಯನ್ನೂ ತಾನೇ ಕೊಟ್ಟುಬಿಟ್ಟರೆ ಅವನು ಕಣ್ಣೆತ್ತದೆ ಸಹಿ ಹಾಕಿಯಾನು. ಚೌಕಾಸಿಯನ್ನು ಬಿಟ್ಟು ಪೂರ್ತಿ ಮೂರು ಸಾವಿರ ಕೊಡಲು ಅವಳು ಮನಸ್ಸು ಗಟ್ಟಿಮಾಡಿಕೊಂಡಳು. ಐವತ್ತು ರೂಪಾಯಿ ಬಿಡುತ್ತೇನೆ ಎಂದಿದ್ದರಲ್ಲ ಎಂಬುದು ಮಾತ್ರ ಮನಸ್ಸಿನಲ್ಲಿ ಉಳಿಯಿತು.

ಊಟಕ್ಕೆ ಕುಳಿತಾಗ, ಚೊರೀಸಿನ ಲೈಸೆನ್ಸಿಗೆ ಏನೋ ಕಾಗದವಂತೆ, ನಿನ್ನ ಪ್ಯಾನ್ ಕಾರ್ಡು ಬೇಕಂತೆ, ಒಂದು ಸಹಿ ಹಾಕಬೇಕಂತೆ ಎಂದಳು. ಸಾಂತಾನನ ಕೈ ಅನ್ನದ ಮೇಲೆಯೇ ನಿಂತಿತು.

"ನನ್ನ ಕಾರ್ಡು ಯಾಕೆ?"

"ಗಂಡ ಹೆಂಡತಿ ಅಂತ ತೋರಿಸಬೇಕಂತೆ."

"ನಂಬರು ಕೊಟ್ಟರೆ ಆ ಮನುಷ್ಯನಿಗೆ ಏನೇನು ಕಾಣ್ತದೆ ಗೊ?"

"ನಿನ್ನ ಮುಖ ಕಾಣ್ತದೆ. ನಾನು ದಿನಾ ನೋಡ್ತಿದ್ದೇನಲ್ಲ, ಅವರೂ ಒಂದು ದಿನ ನೋಡಲಿ."

ಕಾರ್ಡು ಕಳೆದುಹೋಗಿದೆ ಎಂದ ಅವನು. ಅವಳು ಬೀರುವಿನ ಕೀಲಿಕೈ ಕೇಳಿದೊಡನೆ, ಇಲ್ಲ, ಸಿಕ್ಕಿದೆ ಎಂದ. ಆಮೇಲೆ, ಈ ಮಳೆಯಲ್ಲಿ ನೀನೇಕೆ ನೆನೆಯುತ್ತೀ, ನಾನೇ ಹೋಗಿ ಕಾರ್ಡು ತೋರಿಸಿ ಬರುತ್ತೇನೆ ಎಂದ. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅವಳು ಮಳೆಯಲ್ಲಿ ನೆನೆಯುವ ಬಗ್ಗೆ ಅವನು ಮಾತಾಡಿದ್ದು ಅದೇ ಮೊದಲು. ಜ್ವರವಿರಬೇಕೆಂದು ಕಿತೇರಿಯಾ ಅವನ ಹಣೆ ಮುಟ್ಟಿ ನೋಡಿದಳು. ಆಮೇಲೆ ಪಕ್ಕದ ಮನೆಯಿಂದ ಧುಮೆಯವರಿಗೆ ಫೋನು ಮಾಡಿ, ಗಂಡ ಒಬ್ಬನೇ ಬಂದರೆ ಕಾರ್ಡು ನೋಡಿ ಕಳಿಸಿ, ಲೆಕ್ಕ ತೋರಿಸಬೇಡಿ ಎಂದು ಕೇಳಿಕೊಂಡಳು. ಲೆಕ್ಕ ಇನ್ನೂ ಮುಗಿದಿಲ್ಲ, ಶುಕ್ರವಾರ ಇಬ್ಬರೂ ಬನ್ನಿ ಎಂದರು ಅವರು.

ಮಂಗಳವಾರ ಸಾಂತಾನ್ ಮಡಗಾಂವಿಗೆ ಹೋಗಿ ಬಂದ. ಬರುವಾಗ ಅರ್ಧ ಕಿಲೋ ಸಿಗಡಿ ತಂದಿದ್ದ. ಮಳೆಗಾಲದ ಸಿಗಡಿ, ಬೆಲೆ ಕೇಳಿದರೆ ಎದೆ ಹಿಡಿದುಕೊಳ್ಳುವಂಥದ್ದು. ಎಲ್ಲ ತಿಳಿದುಕೊಂಡೇ ಬಂದಿದ್ದಾನೆ ಎಂದು ಕಿತೇರಿಯಾಳಿಗೆ ಅನ್ನಿಸಿತು. ಆದರೆ ಅವನು ಹಣದ ಮಾತೆತ್ತಲಿಲ್ಲ, ಜರ್ಸಿಯ ಮಾತನ್ನೂ ಎತ್ತಲಿಲ್ಲ. ಸುಮ್ಮನೆ ಸಿಗಡಿಯ ಸಿಪ್ಪೆ ಬಿಡಿಸಿಕೊಟ್ಟ. ಅದೂ ಮೊದಲ ಸಲ. ಶುಕ್ರವಾರದವರೆಗೆ ಇಬ್ಬರೂ ಒಬ್ಬರನ್ನೊಬ್ಬರು ಅತಿಥಿಗಳಂತೆ ನೋಡಿಕೊಂಡರು. ಕೂಲಿಯ ಹೆಂಗಸರು ಇವರಿಬ್ಬರಿಗೆ ಏನೋ ಆಗಿದೆ ಎಂದು ಪಿಸುಗುಟ್ಟಿದರು.

ಶುಕ್ರವಾರ ಧುಮೆಯವರ ಎದುರು ಗಂಡಹೆಂಡಿರು ಕುಳಿತರು. ಧುಮೆ ಮೇಜಿನ ಮೇಲೆ ಎರಡು ಕಟ್ಟು ಕಾಗದ ಇಟ್ಟು ಅವುಗಳ ಮೇಲೆ ಕೈ ಇಟ್ಟುಕೊಂಡರು.

"ಮೂವತ್ತೆರಡು ವರ್ಷದಿಂದ ಈ ಕುರ್ಚಿಯಲ್ಲಿ ಕೂತಿದ್ದೇನೆ. ಕೇಳಿದ್ದಕ್ಕಿಂತ ಕಡಿಮೆ ಕೊಡೋರನ್ನೇ ನೋಡಿದ್ದು. ಈ ತಿಂಗಳು ಇಬ್ಬರು ಕೇಳಿದ್ದಕ್ಕಿಂತ ಹೆಚ್ಚು ಕೊಡ್ತೇನೆ ಅಂದರು. ಇಬ್ಬರೂ ಒಂದೇ ಮನೆಯವರು."

ಮೊದಲನೆಯದು ತಾನೆಂದು ಕಿತೇರಿಯಾಳಿಗೆ ಗೊತ್ತಿತ್ತು. ಇನ್ನೊಬ್ಬರು ಯಾರೆಂದು ತಿಳಿಯಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ತಿರುಗಿ ನೋಡಿದರೆ ಸಾಂತಾನ್ ತಲೆ ಎತ್ತಿ ಫ್ಯಾನಿನ ವೈರಿಂಗನ್ನು ಪರೀಕ್ಷಿಸುತ್ತಿದ್ದ.

ಧುಮೆ ಕಾಗದ ಮುಂದೆ ತಳ್ಳಿದರು. ಕಿತೇರಿಯಾ ತನ್ನದನ್ನು ಬಿಟ್ಟು ಗಂಡನದನ್ನು ಎಳೆದುಕೊಂಡಳು; ಅವನು ಹೆಂಡತಿಯದನ್ನು ಎಳೆದುಕೊಂಡ. ಅವಳು ಬೆರಳಿಟ್ಟು ಸಾಲುಸಾಲಾಗಿ ಓದಿದಳು. ಪಿಂಚಣಿ ಇತ್ತು. ಅದರ ಕೆಳಗೆ ಬ್ಯಾಂಕಿನ ಬಡ್ಡಿ ಎಂದಿತ್ತು: ಎಪ್ಪತ್ತೆರಡು ಸಾವಿರ. ಒಂಬತ್ತರ ದರಕ್ಕೆ ಎಪ್ಪತ್ತೆರಡು ಸಾವಿರ ಬರಬೇಕಾದರೆ ಅಸಲು ಎಂಟು ಲಕ್ಷ. ಅವಳಿಗೆ ಈ ಲೆಕ್ಕಕ್ಕೆ ಕಾಗದ ಬೇಕಾಗಲಿಲ್ಲ. ಪಕ್ಕದಲ್ಲಿ ಸಾಂತಾನನ ತುಟಿಗಳು ಅಲ್ಲಾಡುತ್ತಿದ್ದವು. ಅವನು ಮೂರು ಲಕ್ಷ ಎಂಬತ್ತು ಸಾವಿರದ ಸೊನ್ನೆಗಳನ್ನು ಎಣಿಸುತ್ತಿದ್ದ.

"ಗಂಡಸರ ಸಾಲ," ಎಂದಳು ಕಿತೇರಿಯಾ.

"ಈ ವಾರ ಹಂದಿ ದುಬಾರಿ," ಎಂದ ಸಾಂತಾನ್.

ಧುಮೆಯೇ ಮಾತು ಮುಂದುವರಿಸಿದರು. ಸಾಂತಾನನ ಠೇವಣಿಯ ಬಡ್ಡಿಯಿಂದ ಬ್ಯಾಂಕಿನವರು ಪ್ರತಿ ವರ್ಷ ಏಳು ಸಾವಿರದ ಇನ್ನೂರು ತೆರಿಗೆ ಕಡಿದಿದ್ದರು. ಕಾರ್ಡಿನ ನಂಬರು ಹಾಕಿದೊಡನೆ ಕಂಪ್ಯೂಟರಿನಲ್ಲಿ ಅದು ಕಂಡಿತ್ತು. ಲೆಕ್ಕ ಸಲ್ಲಿಸಿ ಕೇಳಿದ್ದರೆ ಅದು ಹಿಂದಕ್ಕೆ ಬರುತ್ತಿತ್ತು. ಲೆಕ್ಕ ಸಲ್ಲಿಸಿದರೆ ಹೆಂಡತಿಗೆ ಕಂಡೀತೆಂದು ಸಾಂತಾನ್ ಕೇಳಲಿಲ್ಲ. ಅತ್ತ ಅವಳು ಹದಿನೆಂಟು ಸಾವಿರ ಕಟ್ಟುತ್ತಿದ್ದಳು. ಒಬ್ಬರಿಗೊಬ್ಬರು ಹೇಳದೆ ಇರುವುದಕ್ಕೆ ಇವರಿಬ್ಬರೂ ಸೇರಿ ವರ್ಷಕ್ಕೆ ಇಪ್ಪತ್ತೈದು ಸಾವಿರ ಸರ್ಕಾರಕ್ಕೆ ಕೊಟ್ಟಿದ್ದರು. ಈಗ ಬಡ್ಡಿಯೂ ಅರ್ಧ ಅರ್ಧ, ಚೊರೀಸೂ ಅರ್ಧ ಅರ್ಧ. ಬ್ಯಾಂಕು ಕಡಿದದ್ದನ್ನು ಕಳೆದರೆ ಕಟ್ಟಬೇಕಾದದ್ದು ಒಂದೋ ಒಂದೂವರೆಯೋ ಸಾವಿರ.

"ಯಾಕೆ ಮುಚ್ಚಿಟ್ಟೆ?" ಎಂದು ಕೇಳಿದಳು ಕಿತೇರಿಯಾ.

"ಹೇಳಿದ್ದರೆ ನೀನು ಎಲ್ಲ ಹಂದಿಗೆ ಹಾಕಿಬಿಡ್ತಿದ್ದೆ. ನೀನ್ಯಾಕೆ ಮುಚ್ಚಿಟ್ಟೆ?"

"ಹೇಳಿದ್ದರೆ ನೀನು ಎಲ್ಲ ಚೆಂಡಿಗೆ ಹಾಕಿಬಿಡ್ತಿದ್ದೆ."

ಎರಡೂ ನಿಜವಾಗಿದ್ದುದರಿಂದ ಆ ಮಾತು ಅಲ್ಲಿಗೇ ನಿಂತಿತು. ಆದರೆ ಸಾಂತಾನ್ ಒಳಗೊಳಗೇ ಕೂಡಿ ಕಳೆಯುತ್ತಿದ್ದ. ತನ್ನ ಬಡ್ಡಿಯಲ್ಲಿ ಅವಳ ಪಾಲು ಮೂವತ್ತಾರು ಸಾವಿರ. ಅವಳ ಲಾಭದಲ್ಲಿ ತನ್ನ ಪಾಲು ಒಂದು ಲಕ್ಷ ತೊಂಬತ್ತು ಸಾವಿರ. ಈ ವ್ಯತ್ಯಾಸ ಅವನ ಮುಖದ ಮೇಲೆ ನಿಧಾನವಾಗಿ ಬೆಳಗತೊಡಗಿತು. ಕಿತೇರಿಯಾ ಆ ಬೆಳಕನ್ನು ಗುರುತಿಸಿದಳು. ಟೂರ್ನಮೆಂಟಿನ ಚೀಟಿ ಹಿಡಿದು ಬರುವಾಗ ಅವನ ಮುಖ ಹೀಗೇ ಇರುತ್ತಿತ್ತು.

"ಆಗಿದ್ದು ಆಯ್ತು," ಎಂದ ಸಾಂತಾನ್ ಉದಾರವಾಗಿ. "ಗಂಡ ಹೆಂಡತಿ ನಡುವೆ ಇನ್ನೇನು ಮುಚ್ಚುಮರೆ? ಒಂದೇ ಮನೆ, ಒಂದೇ ಹಣ. ಬಾಬ್, ನೀವೂ ಎರಡು ಎರಡು ಅಂತ ಹೇಳಬೇಡಿ. ಇಬ್ಬರದೂ ಸೇರಿಸಿ ಒಂದೇ ಫೀಸು, ಎರಡು ಸಾವಿರ. ನಾನೇ ಕೊಡ್ತೇನೆ."

ಧುಮೆಯವರ ಊಟದ ಹೊತ್ತು ಮೀರಿತ್ತು. ಮೂವತ್ತೆರಡು ವರ್ಷದಲ್ಲಿ ಮೊದಲ ಬಾರಿ ಅವರು ದಣಿದಂತೆ ಕಂಡರು. ಆಗಲಿ ಎಂದು ರಸೀದಿ ಪುಸ್ತಕ ತೆಗೆದರು. ಪೆನ್ನಿನ ಮುಚ್ಚಳ ತೆಗೆದು, ‘ಸಾಂತಾನ್ ಫುರ್ತಾದ್ ಮತ್ತು ಪತ್ನಿ’ ಎಂದು ಬರೆಯುತ್ತ ಬಾಯಲ್ಲೂ ಹೇಳಿದರು.

ಸಾವಿರ ರೂಪಾಯಿ ಉಳಿಯುತ್ತಿತ್ತು. ಅವಳು ಮೊದಲ ದಿನ ಮುಕ್ಕಾಲು ಗಂಟೆ ಗುದ್ದಾಡಿ ಪಡೆಯಲಾರದ್ದನ್ನು ಗಂಡ ಒಂದು ಮಾತಿನಲ್ಲಿ ಪಡೆದಿದ್ದ. ಆದರೆ ಆ ‘ಮತ್ತು ಪತ್ನಿ’ ಕಿತೇರಿಯಾಳ ಕಿವಿಗೆ ಒಗ್ಗಲಿಲ್ಲ. ಇವತ್ತು ಫೀಸು ಒಂದಾದರೆ ನಾಳೆ ಪುಸ್ತಕ ಒಂದಾಗುತ್ತದೆ. ಪುಸ್ತಕ ಒಂದಾದರೆ ಅದು ವಿನೆಗರ್ ಭರಣಿಯ ಹಿಂದಿನಿಂದ ಹೊರಟು ಸಾಂತಾನನ ಅಂಗಿಯ ಜೇಬಿಗೆ ಬರುತ್ತದೆ. ಆಮೇಲೆ ಅವಳು ಬಸ್ಸಿನ ದುಡ್ಡು ಕೇಳಬೇಕು.

"ಎರಡು," ಎಂದಳು.

"ಹೌದಮ್ಮ, ಎರಡು ಸಾವಿರವೇ," ಎಂದರು ಧುಮೆ.

"ಎರಡು ಫೀಸು. ಅವನದು ಒಂದೂವರೆ, ನನ್ನದು ಒಂದೂವರೆ. ಎರಡು ರಸೀದಿ. ನನ್ನದರಲ್ಲಿ ನನ್ನ ಹೆಸರು ಪೂರ್ತಿ ಬರೀರಿ."

"ತಲೆ ಕೆಟ್ಟಿದೆಯೇ ಗೊ ನಿನಗೆ? ಸಾವಿರ ರೂಪಾಯಿ ಹೋಗ್ತದೆ," ಎಂದ ಸಾಂತಾನ್.

"ಅರ್ಧ ನಿನ್ನದು ಹೋಗ್ತದೆ, ಅರ್ಧ ನನ್ನದು ಹೋಗ್ತದೆ. ಕಾಯ್ದೆ." ಅವಳು ಧುಮೆಯವರ ಕಡೆ ತಿರುಗಿದಳು. "ಬಾಬ್, ಒಂದು ಮಾತು ಹೇಳಿ. ಕಾಗದದಲ್ಲಿ ಅರ್ಧ ಅಂತ ಬರೆದ ಮಾತ್ರಕ್ಕೆ ನನ್ನ ಖಾತೆಯಿಂದ ಅರ್ಧ ಎದ್ದು ಇವನ ಜೇಬಿಗೆ ಹೋಗಬೇಕೇ?"

ಧುಮೆ ಪೆನ್ನನ್ನು ಮುಚ್ಚಿದರು. ಇಂಥ ಪ್ರಶ್ನೆಗೆ ಅವರು ಯಾವಾಗಲೂ ಮುಚ್ಚಿಯೇ ಉತ್ತರಿಸುತ್ತಿದ್ದರು.

"ತೆರಿಗೆಯವರಿಗೆ ಅರ್ಧ ಅರ್ಧ ತೋರಿಸಿದರೆ ಸಾಕು. ಹಣ ಯಾರ ಜೇಬಿನಲ್ಲಿದೆ ಅಂತ ಅವರು ನೋಡಲ್ಲ."

"ಕಾಯ್ದೆ ಪ್ರಕಾರ ನನ್ನದು ಅಂದಿರಲ್ಲ?" ಎಂದ ಸಾಂತಾನ್.

"ನಿಮ್ಮದೇ. ಬೇಕಾದರೆ ಕೋರ್ಟಿಗೆ ಹೋಗಿ ಭಾಗ ಮಾಡಿಸ್ಕೊಳ್ಳಿ. ಅವರ ಚೊರೀಸಿನ ಹಣ ಭಾಗ ಆಗ್ತದೆ, ನಿಮ್ಮ ಎಂಟು ಲಕ್ಷವೂ ಭಾಗ ಆಗಬಹುದು. ಅಲ್ಲಿ ವಕೀಲರ ಫೀಸು ಒಂದೂವರೆ ಸಾವಿರ ಅಲ್ಲ."

"ಮತ್ತೆ ಎಷ್ಟು?"

ಧುಮೆ ಹೇಳಿದರು. ಸಾಂತಾನನ ಮುಖದ ಬೆಳಕು, ಅವನೇ ಹಿಂದೆ ಕಂಬದ ಮೇಲೆ ಕುಳಿತು ಊರಿನ ಬೆಳಕನ್ನು ತೆಗೆಯುತ್ತಿದ್ದಂತೆ, ಒಮ್ಮೆಲೇ ಹೋಯಿತು. ಅವನು ಜೇಬಿಗೆ ಕೈ ಹಾಕಿ ಒಂದು ಸಾವಿರದ ನಾನೂರು ಎಣಿಸಿ ಇಟ್ಟ. ಮತ್ತೆ ನೂರು ಎಂದರು ಧುಮೆ. ಮೊದಲ ಸಲದ ಗಿರಾಕಿ ಎಂದ ಸಾಂತಾನ್. ಕಿತೇರಿಯಾ ತನ್ನ ಒಂದೂವರೆ ಸಾವಿರವನ್ನು ಒಂದು ಮಾತೂ ಆಡದೆ ಮೇಜಿನ ಮೇಲಿಟ್ಟು, ರಸೀದಿಯಲ್ಲಿ ‘ಕಿತೇರಿಯಾ ಫುರ್ತಾದ್’ ಎಂಬುದನ್ನು ಎರಡು ಸಲ ಓದಿ, ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ಅವಳು ಕೇಳಿದಷ್ಟೇ ಕೊಟ್ಟದ್ದನ್ನು ಕಂಡು ಧುಮೆಯವರಿಗೆ ಮುಜುಗರವಾಗಿರಬೇಕು. ಅವರೇ ಐವತ್ತು ರೂಪಾಯಿ ತೆಗೆದು ಹಿಂದಕ್ಕೆ ಚಾಚಿದರು. ಬೇಡ ಎಂದಳು. ಆ ಐವತ್ತನ್ನು ಸಾಂತಾನ್ ತೆಗೆದುಕೊಳ್ಳಲು ಹೋದ, ಧುಮೆ ಕೊಡಲಿಲ್ಲ.

ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಮಳೆ ಜೋರಾಗಿದ್ದು ಕಿಟಕಿ ಮುಚ್ಚಿದ್ದರಿಂದ ಹೊರಗೆ ನೋಡುವಂತೆಯೂ ಇರಲಿಲ್ಲ. ನಾವೆಲಿ ದಾಟಿದ ಮೇಲೆ ಕಿತೇರಿಯಾ ಬಾಯಿ ತೆರೆದಳು.

"ನಿನ್ನ ಬ್ಯಾಂಕಿನವರು ನಿಜವಾಗಿ ಒಂಬತ್ತು ಕೊಡ್ತಾರೆಯೇ?"

"ಅರವತ್ತು ದಾಟಿದವರಿಗೆ. ನಿನಗೆ ಎಂಟೂವರೆ."

ತನ್ನ ಉಳಿತಾಯ ಖಾತೆಯಲ್ಲಿ ನಾಲ್ಕು ಸಿಗುತ್ತಿದೆ ಎಂದು ಅವಳು ಹೇಳಲಿಲ್ಲ. ಮೂರು ವರ್ಷ ನಾಲ್ಕಕ್ಕೆ ಬಿದ್ದಿದ್ದ ಹಣದ ನಷ್ಟವನ್ನು ಮನಸ್ಸಿನಲ್ಲೇ ಕೂಡಿದಳು. ಅದು ಸಾಂತಾನನ ಮೋಸಕ್ಕಿಂತ ಹೆಚ್ಚು ನೋಯಿಸಿತು. ಅಲ್ಲಿ ಒಂದು ಠೇವಣಿ ಇಡಬೇಕು, ತನ್ನೊಬ್ಬಳ ಹೆಸರಿನಲ್ಲಿ, ಗೊತ್ತಿರುವವರು ಯಾರಾದರೂ ಪರಿಚಯದ ಸಹಿ ಹಾಕಬೇಕಾದೀತು ಎಂದಳು.

"ನಾನು ಹಾಕ್ತೇನೆ," ಎಂದ ಸಾಂತಾನ್. ಸ್ವಲ್ಪ ಹೊತ್ತು ಬಿಟ್ಟು, "ಎಷ್ಟು ಕೊಡ್ತೀ?" ಎಂದ.

ಕಿತೇರಿಯಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಬೆನ್ನು ನೆಟ್ಟಗಾಯಿತು.

"ಮೂವತ್ತು ಮಣಿ ಚೊರೀಸು."

"ನೂರು."

ಬಸ್ಸು ಚಿಂಚಿಣೆಯ ಇಗರ್ಜಿಯ ಮುಂದೆ ನಿಲ್ಲುವ ಹೊತ್ತಿಗೆ ನಲವತ್ತೈದಕ್ಕೆ ಒಪ್ಪಂದವಾಗಿತ್ತು. ಬೇಯಿಸುವವಳು ಅವಳು, ಸೌದೆ ಒಡೆಯುವವನು ಅವನು.